ಕಸ್ತೂರಿಯಾದ ಕಸೂರಿ

ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ‘ಕಸೂರಿ ಮೇಥಿ ಕೊಡಿ’ ಅಂದರೆ ಅಂಗಡಿಯವರು ಕನಿಕರದಿಂದ ನೋಡಿ, ‘ಕಸ್ತೂರಿ ಮೇಥಿ ತಾನೆ?’ ಎಂದು ತಿದ್ದಿ ಕೊಡುತ್ತಾರೆ. ಅಮ್ಮ ಬರೆಯುವ ಚೀಟಿಯಲ್ಲೂ ಅದು ಕಸ್ತೂರಿಯೇ. ಆಡುವ ನುಡಿಯನ್ನೇ ಕಸ್ತೂರಿ ಎಂದು ಹೊಗಳಿಕೊಂಡ ಜನ ನಾವು. ಘಮ್ಮೆನ್ನುವುದು ಏನು ಮನೆಗೆ ಬಂದರೂ ಅದೇ ಹೆಸರಿಟ್ಟು ತೊಟ್ಟಿಲಿಗೆ ಹಾಕಿಬಿಡುತ್ತೇವೆ.

ಮೇಥಿ ಅಂದರೆ ಮೆಂತ್ಯ. ಕಸೂರಿ ಅಂದರೆ ಕಸೂರ್ ಎಂಬ ಊರಿನದು, ಅಷ್ಟೆ. ಬ್ಯಾಡಗಿ ಮೆಣಸಿನಕಾಯಿ ಇದ್ದ ಹಾಗೆ. ಬ್ಯಾಡಗಿಗೆ ಬಸ್ಸು ಹತ್ತಿ ಹೋಗಬಹುದು, ಕಸೂರಿಗೆ ಆಗದು. ಅದಿರುವುದು ಲಾಹೋರಿನ ದಕ್ಷಿಣಕ್ಕೆ, ನಮ್ಮ ಫಿರೋಜ್‌ಪುರದ ಗಡಿಯಾಚೆ. ಸೂಫಿ ಕವಿ ಬುಲ್ಲೇ ಶಾಹ್ ಮಲಗಿರುವುದು ಅಲ್ಲಿ. ಗಾಯಕ ಬಡೇ ಗುಲಾಮ್ ಅಲಿ ಖಾನ್ 1902ರಲ್ಲಿ, ಗಾಯಕಿ ನೂರ್ ಜಹಾನ್ 1926ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಅಂಥ ಎರಡು ಕಂಠಗಳನ್ನು ಕೊಟ್ಟ ಮೇಲೂ ಒಂದು ಘಮಲು ಉಳಿದಿತ್ತಲ್ಲ, ಆ ಮಣ್ಣಿನ ಬಗ್ಗೆ ನನಗೆ ಸಣ್ಣ ಹೊಟ್ಟೆಕಿಚ್ಚಿದೆ.

1947ರಲ್ಲಿ ಗೆರೆ ಬಿತ್ತು. ನೂರ್ ಜಹಾನ್ ಮುಂಬಯಿ ಬಿಟ್ಟು ಆಚೆ ಹೋದರು. ಖಾನ್ ಸಾಹೇಬರು ಹುಟ್ಟೂರು ಬಿಟ್ಟು ಈಚೆ ಬಂದು, ಭಾರತದ ಪೌರತ್ವ ಪಡೆದು, 1968ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಹಿಂದಿಯಲ್ಲಿ ಕಸೂರ್ ಅಂದರೆ ತಪ್ಪು ಎಂದೂ ಆಗುತ್ತದೆ. ಯಾರ ಕಸೂರಿಗೆ ಯಾರ ಊರು ಹೋಯಿತೋ! ಮೆಂತ್ಯದ ಪಾಸ್‌ಪೋರ್ಟನ್ನು ಮಾತ್ರ ಯಾರೂ ಕೇಳಲಿಲ್ಲ. ಇವತ್ತು ನಮ್ಮ ಪೊಟ್ಟಣಗಳಿಗೆ ತುಂಬುವ ಎಲೆ ಹೆಚ್ಚಾಗಿ ರಾಜಸ್ಥಾನದ ನಾಗೌರ್ ಸೀಮೆಯದು. ಬೆವರು ನಾಗೌರಿನದು, ಹೆಸರು ಕಸೂರಿನದು. ಮೂರು ತಲೆಮಾರಿನಿಂದ ಬೆಂಗಳೂರಲ್ಲೇ ಇದ್ದು, ಯಾರೂ ದೀಪ ಹಚ್ಚದ ಹಳ್ಳಿಯ ಮೊದಲಕ್ಷರವನ್ನು ಇನಿಷಿಯಲ್ಲಿನಲ್ಲಿ ಹೊತ್ತು ತಿರುಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಸ್ಯಶಾಸ್ತ್ರದವರು ಇದು ನಮ್ಮ ಮಾಮೂಲಿ ಮೆಂತ್ಯವಲ್ಲ, ಅದೇ ಕುಲದ ಬೇರೆ ಜಾತಿ ಎನ್ನುತ್ತಾರೆ. ಅಜ್ಜಿಗೆ ಆ ಶಾಸ್ತ್ರ ಬೇಕಿಲ್ಲ. ರೊಟ್ಟಿಯ ಜೊತೆ ಹಸಿ ಮೆಂತ್ಯದ ಎಸಳನ್ನು ಉಪ್ಪು, ಎಣ್ಣೆ ಸೋಕಿಸಿ ಹಾಗೇ ಮೆಲ್ಲುವ ಸೀಮೆಯವಳು ಅವಳು. ಒಣಗಿದ ಸೊಪ್ಪನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದನ್ನು ಕಂಡು, ‘ಇದನ್ನ ನಮ್ಮೂರಾಗ ದನದ ಮುಂದ ಹಾಕ್ತಿದ್ವಿ’ ಅಂದಳು. ಅಮ್ಮ ಸುಮ್ಮನೆ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಉಜ್ಜಿ, ಒಲೆ ಆರಿಸುವ ಹೊತ್ತಿಗೆ ಪನೀರಿನ ಗ್ರೇವಿಯ ಮೇಲೆ ಉದುರಿಸಿದಳು. ಗುಟ್ಟಿರುವುದು ಆ ಉಜ್ಜುವುದರಲ್ಲಿ, ಕೊನೆಗೆ ಹಾಕುವುದರಲ್ಲಿ. ಮೊದಲೇ ಹಾಕಿ ಕುದಿಸಿದರೆ ಘಮಲು ಆವಿಯ ಜೊತೆ ಹೋಗಿ, ಕಹಿ ಮಾತ್ರ ಮನೆಯವರಿಗೆ ಉಳಿಯುತ್ತದೆ. ಅಜ್ಜಿ ಹೊಗಳಲಿಲ್ಲ. ಅದೇ ವಾರ ತೊಗರಿಬೇಳೆ ಪಲ್ಯದಲ್ಲಿ ಅದೇ ವಾಸನೆ ಬಂತು, ಕೇಳಿದರೆ ಕಿವಿ ಕೇಳಿಸದವಳಂತೆ ಕೂತಳು.

ಒಮ್ಮೆ ಕಸೂರಿಗೆ ಹೋಗಬೇಕೆಂಬ ಆಸೆ ನನಗಿದೆ. ವೀಸಾ ಅರ್ಜಿಯಲ್ಲಿ ‘ಭೇಟಿಯ ಉದ್ದೇಶ’ ಎಂಬ ಜಾಗದಲ್ಲಿ ‘ಮೆಂತ್ಯ ಸೊಪ್ಪು’ ಎಂದು ಬರೆದರೆ ಎರಡೂ ಸರಕಾರದವರು ನಗುತ್ತಾರೋ, ವಿಚಾರಣೆಗೇ ಕರೆಯುತ್ತಾರೋ. ಅಜ್ಜಿಗೆ ಹೇಳಿದೆ. ‘ಹೋಗಿ ಬಾ, ಬರೂವಾಗ ಬೀಜ ತಗೊಂಬಾ’ ಅಂದಳು.