ಗಣಪತಿ ಬರಲಿಲ್ಲ

ಲಗ್ನಪತ್ರಿಕೆಯೂ ಕುಣಿಯಬೇಕಾದ ಕಾಲ ಇದು. ಹಿಂದೆ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋಗಿ ಕಾರ್ಡು ಆರಿಸಿ, ಅಚ್ಚಾಗಿ ಬಂದ ಮೇಲೆ ಮೂಲೆಗಳಿಗೆ ಅರಿಶಿನ ಹಚ್ಚಿ, ಮನೆಮನೆ ಸುತ್ತಿ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಈಗ ವಾಟ್ಸಾಪಿಗೆ ವಿಡಿಯೋ ಬೇರೆ ಬೇಕು. ಮೇಲಿಂದ ಗಣಪತಿ ಇಳಿಯಬೇಕು, ಎರಡು ಕಡೆ ಬಾಳೆಕಂದು ಏಳಬೇಕು, ಹುಡುಗ ಹುಡುಗಿಯ ಹೆಸರು ಮಿನುಗಬೇಕು. ಹಿಂದೆ ನಾದಸ್ವರ ಇದ್ದದ್ದೇ.

ಬಿನ್ನಿಪೇಟೆಯಲ್ಲಿ ಇಂಥ ವಿಡಿಯೋ ಮಾಡುವ ಹುಡುಗನೊಬ್ಬ ನನಗೆ ಪರಿಚಯ. ಮಹಡಿ ಮೇಲೆ ಒಂದು ರೂಮು, ಕಂಪ್ಯೂಟರು, ಬಂದವರಿಗೊಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯ ಮೇಲೆ ಹೆಚ್ಚಾಗಿ ನಾನೇ ಇರುತ್ತೇನೆ. 1884ರಲ್ಲಿ ಶುರುವಾಗಿ, ಎರಡು ವರ್ಷದಲ್ಲಿ ಬಿನ್ನಿ ಕಂಪನಿಯ ಕೈಗೆ ಬಂದು, ಪೇಟೆಗೆ ಹೆಸರಿಟ್ಟು ಕೊನೆಗೆ ತಾನೇ ಕಣ್ಮುಚ್ಚಿದ ಮಿಲ್ಲಿನ ಜಾಗದಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟುಗಳಿವೆ. ಬಟ್ಟೆ ನೇಯುತ್ತಿದ್ದ ಪೇಟೆಯಲ್ಲಿ ಈಗ ಚಿತ್ರ ಕುಣಿಸಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಅನಿಮೇಷನ್ ಮುಂತಾದವಕ್ಕೆಂದೇ ಒಂದು ನೀತಿಯನ್ನು ನಮ್ಮ ಸರ್ಕಾರ 2012ರಲ್ಲೇ ತಂದಿತು. ಗಣಪತಿ ಕಾಣದಿದ್ದರೆ ಏನು ಮಾಡಬೇಕೆಂದು ಮಾತ್ರ ಅದರಲ್ಲಿ ಬರೆದಿರಲಾರದು.

ಮೊನ್ನೆ ಆದದ್ದು ಅದೇ. ಹೆಣ್ಣಿನ ತಂದೆ ಬಂದು ಸ್ಕ್ರೀನು ನೋಡಿದರು. ಬಾಳೆಕಂದಿದೆ, ತೋರಣವಿದೆ, ನಡುವೆ ಬಟ್ಟಬಯಲು.

“ಏನಪ್ಪಾ, ಗಣಪತಿ ಎಲ್ಲಿ?”

“ಕಾರ್ಡಲ್ಲಿದೆ ಅಂಕಲ್, ಇಲ್ಲಿ ಬರ್ತಿಲ್ಲ.”

“ಒಂದ್ಸಲ ಆಫ್ ಮಾಡಿ ಆನ್ ಮಾಡು.”

ಟಿವಿಯಿಂದ ಹಿಡಿದು ಅಳಿಯನವರೆಗೆ ಎಲ್ಲಕ್ಕೂ ನಮ್ಮಲ್ಲಿ ಇದೊಂದೇ ಮದ್ದು. ಹುಡುಗ ಆಫ್ ಮಾಡಲಿಲ್ಲ. ಕಾರ್ಡಿನ ಮೂಲ ಫೈಲನ್ನು, ಕಾರ್ಡಿನವರು ಚಿತ್ರ ಬರೆಯುವ ಇಲಸ್ಟ್ರೇಟರ್ ಎಂಬ ಸಾಫ್ಟ್‌ವೇರಿನಲ್ಲಿ ತೆರೆದ.

ಅವನು ನೋಡುವ ಕ್ರಮವೇ ಚೆಂದ. ಇಲಸ್ಟ್ರೇಟರ್ ಫೈಲಿನ ಹೊಟ್ಟೆಯೊಳಗೆ ಒಂದು ಪಿಡಿಎಫ್ ಪ್ರತಿ ಇರುತ್ತದಂತೆ. ಚಿತ್ರ ಕುಣಿಸುವ ಆಫ್ಟರ್ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರು ಓದುವುದು ಅದನ್ನೇ. ಸೇವ್ ಮಾಡುವಾಗ ಆ ಒಂದು ಟಿಕ್ಕು ತೆಗೆದಿದ್ದರೆ ಚಿತ್ರವೇ ಬರುವುದಿಲ್ಲ, ‘ಪಿಡಿಎಫ್ ಇಲ್ಲದೆ ಸೇವ್ ಆಗಿದೆ’ ಎಂಬ ಇಂಗ್ಲಿಷ್ ಒಕ್ಕಣೆ ಬರುತ್ತದೆ. ಇಲ್ಲಿ ಟಿಕ್ಕು ಇತ್ತು. ಆಮೇಲೆ ಲೇಯರುಗಳು, ಅಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಪದರಗಳು. ಆಫ್ಟರ್ ಎಫೆಕ್ಟ್ಸ್ ಮೇಲಿನ ಹಂತದ ಲೇಯರುಗಳನ್ನಷ್ಟೇ ಬೇರೆಬೇರೆಯಾಗಿ ಎಣಿಸುತ್ತದೆ. ಒಂದರೊಳಗೆ ತುರುಕಿದ ಗುಂಪು, ಉಪಗುಂಪುಗಳೆಲ್ಲ ಅದಕ್ಕೆ ಒಂದೇ ಮುದ್ದೆ. ಬಾಳೆಕಂದು, ತೋರಣ, ಬಾರ್ಡರು ಎಲ್ಲವೂ ‘ಲೇಯರ್ 1’ರೊಳಗೇ ಇದ್ದವು. ಒಂದು ಎಲೆ ಅಲ್ಲಾಡಿಸಹೋದರೆ ಇಡೀ ಚಪ್ಪರ ಅಲ್ಲಾಡುತ್ತಿತ್ತು.

ಗಣಪತಿ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗೆ, ಬೇರೆಯೇ ಲೇಯರಿನಲ್ಲಿ. ಪಕ್ಕದ ಕಣ್ಣಿನ ಗುರುತು ಮುಚ್ಚಿತ್ತು. ಕಾರಣ ಸೊಗಸಾಗಿದೆ: ಕಾರ್ಡಿನ ಗಣಪತಿ ಚಿನ್ನದ ಫಾಯಿಲಿನವನು. ಬಣ್ಣದ ಅಚ್ಚಿನಲ್ಲಿ ಅವನಿಗೆ ಕೆಲಸವಿಲ್ಲ. ಆಮೇಲೆ ಬೇರೆ ಬ್ಲಾಕಿನಿಂದ ಬಿಸಿಯಾಗಿ ಒತ್ತುತ್ತಾರೆ. ಹಾಗಾಗಿ ಪ್ರೆಸ್ಸಿಗೆ ಕಳಿಸುವಾಗ ಕಾರ್ಡಿನವರು ಅವನನ್ನು ಮುಚ್ಚಿಟ್ಟಿದ್ದರು. ಮುಚ್ಚದಿದ್ದರೆ ಅವನು ಮಾಮೂಲಿ ಶಾಯಿಯಲ್ಲೂ ಅಚ್ಚಾಗಿಬಿಡುತ್ತಿದ್ದ. ಕಾಗದದ ಲೆಕ್ಕದಲ್ಲಿ ಅವರು ಮಾಡಿದ್ದು ಸರಿ. ಎಲ್ಲವನ್ನೂ ಗುಂಪು ಮಾಡಿ, ಲಾಕ್ ಮಾಡಿ, ಯಾವುದೂ ಮಿಸುಕದಂತೆ ಇಡುವುದೇ ಅವರ ಕಸುಬುಗಾರಿಕೆ. ಮಿಸುಕಿಸುವುದೇ ಇವನ ಕಸುಬು. ಜಗಳ ಇರುವುದು ಎರಡು ಕಸುಬುಗಳ ನಡುವೆ. ಸುಮ್ಮನೆ ಬೈಸಿಕೊಳ್ಳುವುದು ಕಂಪ್ಯೂಟರು.

ನಮ್ಮ ತೊಗಲುಗೊಂಬೆಯವರಿಗೆ ಈ ತಾಪತ್ರಯ ಇರಲಿಲ್ಲ. ಆ ಆಟ ಆಡಿಸುವ ಕಿಳ್ಳೇಕ್ಯಾತರಲ್ಲಿ ಗೊಂಬೆ ಕೊರೆಯುವುದೂ ಪರದೆಯ ಹಿಂದೆ ಕುಣಿಸುವುದೂ ಮನೆತನದ ಕೆಲಸ. ಯಾವುದು ಆಡಬೇಕು, ಯಾವುದು ನಿಲ್ಲಬೇಕು ಎಂಬುದು ತೊಗಲು ಕತ್ತರಿಸುವಾಗಲೇ ತೀರ್ಮಾನ. ಜರ್ಮನಿಯ ಲೊಟ್ಟೆ ರೈನಿಗರ್ ಕೂಡ ಕಪ್ಪು ಕಾಗದ ಕತ್ತರಿಸಿ, ಕೀಲು ಕೂರಿಸಿ, ನೆರಳುಚಿತ್ರಗಳಿಂದಲೇ 1926ರಲ್ಲಿ ಪೂರ್ಣಾವಧಿಯ ಸಿನಿಮಾ ಮಾಡಿದಳು. ಮೊಬೈಲಿನಲ್ಲಿ ಕುಣಿಯುವ ಪುಟ್ಟ ಚಿತ್ರಗಳ ‘ಲೊಟ್ಟಿ’ ಎಂಬ ಫೈಲಿನ ಬಗೆಗೆ ಅವಳದೇ ಹೆಸರು. ಅದಕ್ಕೂ ಇಲಸ್ಟ್ರೇಟರ್ ಲೇಯರನ್ನು ಹಾಗೇ ಕೊಟ್ಟರೆ ಸಾಲದು. ಮೊದಲು ಅದನ್ನು ಆಫ್ಟರ್ ಎಫೆಕ್ಟ್ಸಿನದೇ ‘ಶೇಪ್ ಲೇಯರ್’ ಆಗಿ ಮಾಡಿಕೊಳ್ಳಬೇಕು.

ಇತ್ತ ಹುಡುಗ ಕಣ್ಣು ತೆರೆಸಿ, ಗುಂಪು ಬಿಡಿಸಿ, ಬಾಳೆಕಂದಿಗೊಂದು ತೋರಣಕ್ಕೊಂದು ಲೇಯರು ಮಾಡಿ, ಅಚ್ಚಿನ ಸಿಎಂವೈಕೆ ಬಣ್ಣವನ್ನು ಸ್ಕ್ರೀನಿನ ಆರ್‌ಜಿಬಿಗೆ ತಿರುಗಿಸಿ ಸೇವ್ ಮಾಡಿದ. ಲೇಯರು ಬೇರೆಬೇರೆಯಾಗಿ ಉಳಿಯಲೆಂದು ಫುಟೇಜ್ ಎಂದಲ್ಲದೆ ಕಾಂಪೊಸಿಷನ್ ಎಂದು ಆಫ್ಟರ್ ಎಫೆಕ್ಟ್ಸಿನೊಳಗೆ ತಂದ. ಗಣಪತಿ ಇಳಿದ, ಆದರೆ ದೊಡ್ಡದು ಮಾಡಿದೊಡನೆ ಅಂಚು ಮಸುಕಾಯಿತು. ಲೇಯರಿನ ಪಕ್ಕದ ಸೂರ್ಯನಂಥ ಗುರುತು ಒತ್ತಿದ, ಸೊಂಡಿಲಿನ ಸುರುಳಿ ನಿಚ್ಚಳವಾಯಿತು. ಅಂಕಲ್ ಕೈಮುಗಿದರು.

ಮುಗಿದ ಕೈ ಕೆಳಗಿಳಿಯುವ ಮೊದಲೇ, “ಹಾಗೇ ನಮ್ಮ ಭಾವನ ಹೆಸರು ಒಂದು ಸೇರಿಸಿಬಿಡು” ಎಂದರು. ಹುಡುಗನ ಮುಖ ಸಪ್ಪಗಾಯಿತು. ಅಕ್ಷರಗಳೆಲ್ಲ ‘ಕರ್ವ್’ ಆಗಿದ್ದವು, ಅಂದರೆ ಅಕ್ಷರದ ಆಕಾರದ ಬರೀ ಗೆರೆಗಳು, ತಿದ್ದುವ ಹಾಗಿಲ್ಲ. ಕರ್ವ್ ಮಾಡದಿದ್ದರೆ, ನುಡಿ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ವಧುವಿನ ಹೆಸರು ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡಿನಲ್ಲಿ ಹೊಸದಾಗಿ ಟೈಪಿಸೋಣವೆಂದರೆ ಇವನಲ್ಲಿರುವ ಹಳೆಯ ಆಫ್ಟರ್ ಎಫೆಕ್ಟ್ಸಿನ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿರಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಜೊತೆ ಬಿಟ್ಟು ನಿಲ್ಲುತ್ತವೆ. ಅಂತೂ ಭಾವನವರು ಸೇರಿದರು, ಅರ್ಧ ಗಂಟೆ ಹಿಡಿಯಿತು.

ಮನೆಯಲ್ಲಿ ಮದುವೆ ಇಟ್ಟುಕೊಂಡವರು ಇಷ್ಟು ಮಾಡಿ: ಕಾರ್ಡು ಗೊತ್ತು ಮಾಡುವಾಗಲೇ ‘ವಿಡಿಯೋನೂ ಇದೆ’ ಎಂದು ಹೇಳಿ. ಲೇಯರು ಬಿಡಿಬಿಡಿಯಾಗಿ, ಒಂದು ಪ್ರತಿ ಕರ್ವ್ ಮಾಡಿ, ಒಂದು ಪ್ರತಿ ಮಾಡದೆ ಕೊಡಲು ಕೇಳಿ. ಅಡ್ವಾನ್ಸ್ ಕೊಡುವ ದಿನವೇ ಕೇಳಿ. ಬ್ಯಾಲೆನ್ಸ್ ಕೊಟ್ಟ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.