ಅಜ್ಜಿಯ ಉಳ್ಳಾಗಡ್ಡಿ

ಪುಣೆಯಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಲಿಸುವವರ ತೊಂದರೆಗಳೇ ಬೇರೆ. ಅವಕ್ಕೆ ಬೆಂಗಳೂರಿನಲ್ಲಿ ಅಚ್ಚಾದ ಪಠ್ಯಪುಸ್ತಕದಲ್ಲಿ ಮದ್ದಿಲ್ಲ. ಇಲ್ಲಿನ ಮಕ್ಕಳಿಗೆ ಶಾಲೆಯಲ್ಲಿ ದೇವನಾಗರಿ ಮೊದಲೇ ಕೈಗೆ ಹತ್ತಿರುತ್ತದೆ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಎಂದು ಬೇರೆ ಅಕ್ಷರಗಳಿಲ್ಲ. ಹಾಗಾಗಿ ಅವರು ‘ಕೆರೆ’ ಬರೆಯಹೋದರೆ ‘ಕೇರೆ’ ಹರಿದಾಡುತ್ತದೆ. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ, ಆದ್ದರಿಂದ ‘ಬಸ್ಸು ಬಂದಳು’. ಳಕಾರ ಮಾತ್ರ ಸಲೀಸು, ಅದು ಮರಾಠಿಯಲ್ಲೂ ಇದೆಯಲ್ಲ. ದೆಹಲಿಯಲ್ಲಿ ಕಲಿಸುವ ನನ್ನ ಗೆಳತಿಗೆ ಈ ಒಂದು ವಿಷಯದಲ್ಲಿ ನಮ್ಮನ್ನು ಕಂಡರೆ ಹೊಟ್ಟೆಕಿಚ್ಚು.

ಈ ಮಕ್ಕಳ ಭಾನುವಾರದ ತರಗತಿಗೆ ಅಭ್ಯಾಸದ ಹಾಳೆ ಮಾಡಲು ನಾನು ಎಐ ಬಳಸುತ್ತೇನೆ. ‘ಎಂಟು ವರ್ಷದ ಮಕ್ಕಳಿಗೆ ಒಂದು ಕನ್ನಡ ಕಥೆ ಬರೆ’ ಎಂದು ಕೇಳಿದರೆ ಬರುವುದು ಒಂದು ಕಾಡು, ಒಂದು ಜಾಣ ಮೊಲ, ಕೊನೆಗೊಂದು ನೀತಿ. ವ್ಯಾಕರಣ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಆದರೆ ಯಾರ ಮನೆಯಲ್ಲೂ ಯಾರೂ ಆಡದ ಕನ್ನಡ ಅದು. ಆ ಮೊಲ ನಗುವುದಿಲ್ಲ, ‘ಸಂತೋಷವನ್ನು ವ್ಯಕ್ತಪಡಿಸುತ್ತದೆ’.

ಪ್ರಾಂಪ್ಟಿನಲ್ಲಿ ಮಕ್ಕಳ ವಿಷಯ ಹೇಳಿದರೆ ಚಿತ್ರ ಬದಲಾಗುತ್ತದೆ. (ಹೆಸರು, ಶಾಲೆ ಯಾವುದನ್ನೂ ಹಾಕುವುದಿಲ್ಲ, ಅದು ಬೇಕಾಗುವುದೂ ಇಲ್ಲ.) ‘ಈ ಮಕ್ಕಳಿಗೆ ಮರಾಠಿ ಓದಲು ಬರುತ್ತದೆ. ಎ, ಏ ನಡುವೆ ಗೊಂದಲವಿದೆ. ಸ್ವರ ದೀರ್ಘವಾದರೆ ಅರ್ಥವೇ ಬದಲಾಗುವ ಹತ್ತು ಜೋಡಿ ಪದ ಕೊಡು, ಒಂದೊಂದಕ್ಕೂ ನಾಲ್ಕು ಪದ ಮೀರದ ವಾಕ್ಯ ಬರೆ.’ ಬಂದ ಹತ್ತರಲ್ಲಿ ಮೂರೋ ನಾಲ್ಕೋ ಹೊಡೆದುಹಾಕಬೇಕಾಗುತ್ತದೆ. ಉಳಿದವು ಚೆನ್ನಾಗಿರುತ್ತವೆ. ಒತ್ತಕ್ಷರದ ಮಟ್ಟಿಗೆ ಮಾತ್ರ ನಂಬುವಂತಿಲ್ಲ. ‘ಒತ್ತಕ್ಷರವೇ ಇಲ್ಲದ ಕಥೆ’ ಕೇಳಿದರೆ ಎರಡನೇ ಸಾಲಿಗೇ ‘ಅಮ್ಮ’ ಬಂದು ನಿಲ್ಲುತ್ತಾಳೆ. ಯಂತ್ರ ನಮ್ಮ ಹಾಗೆ ಅಕ್ಷರ ನೋಡುವುದಿಲ್ಲ, ಬರಹವನ್ನು ತನ್ನದೇ ತುಂಡುಗಳಾಗಿ ಕತ್ತರಿಸಿಕೊಂಡು ಓದುತ್ತದೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಕಂಪ್ಯೂಟರಿನೊಳಗೆ 6 ಸಂಕೇತಗಳ ಸಾಲು.

ಇವೆಲ್ಲ ಸಣ್ಣ ಸಂಗತಿಗಳು. ನನ್ನನ್ನು ಕಂಗೆಡಿಸಿದ್ದು ಬೇರೆ.

ಮನೆಯ ಹಿರಿಯರ ಮಾತನ್ನು ಫೋನಿನಲ್ಲಿ ಹಿಡಿದು, ಕೇಳಿದ ಹಾಗೆಯೇ ಬರೆದುಕೊಂಡು ಬನ್ನಿ ಎಂದಿದ್ದೆ. ವಿಜಯಪುರ ಕಡೆಯ ಮನೆಯ ಹತ್ತು ವರ್ಷದ ಹುಡುಗಿಯೊಬ್ಬಳು ಎರಡು ಹಾಳೆ ತಂದಳು. ಒಂದರಲ್ಲಿ ಅವಳ ಅಜ್ಜಿ: ‘ರೊಟ್ಟಿ, ಉಳ್ಳಾಗಡ್ಡಿ ಬುತ್ತಿ ಕಟಗೊಂಡು ಹೊಲಕ್ಕ ಹೋಗತಿದ್ವಿ. ಮಳಿ ಬಂತಂದ್ರ ಓಡಿ ಬಂದು ಗುಡಿಯಾಗ ನಿಲ್ಲತಿದ್ವಿ.’ ಇನ್ನೊಂದು, ಮನೆಯಲ್ಲಿ ಯಾರೋ ಎಐಗೆ ಕೊಟ್ಟು ತಿದ್ದಿಸಿದ ಪ್ರತಿ. ಮಳಿ ಮಳೆಯಾಗಿತ್ತು, ಗುಡಿಯಾಗ ಎಂಬುದು ದೇವಸ್ಥಾನದಲ್ಲಿ ಎಂದಾಗಿತ್ತು, ಉಳ್ಳಾಗಡ್ಡಿ ಈರುಳ್ಳಿಯಾಗಿತ್ತು. ಕೆಳಗೆ ಹನ್ನೊಂದು ತಪ್ಪುಗಳ ಪಟ್ಟಿ ಬೇರೆ. ‘ಟೀಚರ್, ಅಜ್ಜಿಗೆ ಕನ್ನಡ ಸರಿಯಾಗಿ ಬರಲ್ಲ’ ಅಂದಳು. ಅಜ್ಜಿಗೂ ಹಾಗೇ ಹೇಳಿದ್ದಳಂತೆ.

ಆ ಮುದುಕಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಈ ಊರಿನಲ್ಲಿ ಅವರ ಜೊತೆ ಮಾತಾಡುವವರೇ ನಾಲ್ಕು ಜನ, ಅದರಲ್ಲಿ ಈ ಮೊಮ್ಮಗಳು ಒಬ್ಬಳು. ಯಂತ್ರಕ್ಕೆ ದುರುದ್ದೇಶವೇನಿಲ್ಲ. ಅದು ಕಂಡ ಕನ್ನಡದಲ್ಲಿ ಅಚ್ಚಿನದು ಹೆಚ್ಚು, ಹೊಲದ್ದು ಕಡಿಮೆ. ಆದರೆ ಮಗುವಿಗೆ ಅದು ತೀರ್ಪು. ಬೇಂದ್ರೆಯವರು ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಧಾರವಾಡದ ಆಡುಮಾತನ್ನು ಕವಿತೆಗೆ ತಂದ ಅವರಿಗೆ 1973ರ ಜ್ಞಾನಪೀಠ ಬಂತು. ಇದನ್ನೆಲ್ಲ ಹತ್ತು ವರ್ಷದವಳಿಗೆ ಹೇಳಿ ಪ್ರಯೋಜನವಿಲ್ಲ.

ಅಲ್ಲೇ ಲ್ಯಾಪ್‌ಟಾಪ್ ತೆಗೆದು, ಮಕ್ಕಳೆದುರೇ ಬೇರೆ ಪ್ರಾಂಪ್ಟ್ ಬರೆದೆ. ‘ಕೆಳಗಿನದು ವಿಜಯಪುರ ಕಡೆಯ ಮಾತು. ಒಂದಕ್ಷರವನ್ನೂ ತಿದ್ದಬೇಡ. ಇದನ್ನು ಓದಿದ ಮಗು, ಹೇಳಿದ ಅಜ್ಜಿಯನ್ನೇ ಕೇಳಿ ತಿಳಿಯಬೇಕಾದ ಐದು ಪ್ರಶ್ನೆ ಕೊಡು. ಉತ್ತರ ಕೊಡಬೇಡ.’ ಹೊಲ ಎಷ್ಟು ದೂರ, ಗುಡಿ ಯಾವ ದೇವರದು, ಬುತ್ತಿ ಕಟ್ಟುತ್ತಿದ್ದವರು ಯಾರು, ಹೀಗೆ ಬಂದವು. ನನಗೇ ಹೊಳೆಯದ ಒಂದು ಪ್ರಶ್ನೆಯೂ ಇತ್ತು: ಮಳೆ ನಿಲ್ಲುವವರೆಗೆ ಗುಡಿಯೊಳಗೆ ಏನು ಮಾಡುತ್ತಿದ್ದಿರಿ?

ಅಂದಿನಿಂದ ಯಂತ್ರದ ಹತ್ತಿರ ಕನ್ನಡ ಕೇಳುವುದನ್ನು ಕಡಿಮೆ ಮಾಡಿದ್ದೇನೆ. ಕನ್ನಡ ನಾವು ಕೊಡುತ್ತೇವೆ; ಪ್ರಶ್ನೆ ಮಾಡುವುದು, ಪದ ಬಿಟ್ಟು ಖಾಲಿ ಜಾಗ ಇಡುವುದು, ‘ಮಳಿ’ ‘ಮಳೆ’ಗಳನ್ನು ಅಕ್ಕಪಕ್ಕ ಜೋಡಿಸಿ ಪಟ್ಟಿ ಮಾಡುವುದು ಅದರ ಕೆಲಸ. ಪಟ್ಟಿಯ ತಲೆಯ ಮೇಲೆ ‘ತಪ್ಪು’, ‘ಸರಿ’ ಎಂದು ಹಾಕುವುದಿಲ್ಲ. ‘ಮನೆಯಲ್ಲಿ’, ‘ಪುಸ್ತಕದಲ್ಲಿ’ ಎಂದು ಹಾಕುತ್ತೇವೆ.

ಮುಂದಿನ ವಾರ ಹುಡುಗಿ ಮೂರು ಪುಟ ತಂದಳು. ಗುಡಿಯೊಳಗೆ ಕವಡಿ ಆಡುತ್ತಿದ್ದರಂತೆ. ಅಜ್ಜಿ ಶೇಂಗಾಬೀಜ ಇಟ್ಟು ಆಟ ಕಲಿಸಿದ್ದಾರೆ. ತಿದ್ದಿಸಿದ ಪ್ರತಿ ಇರಲಿಲ್ಲ. ಈಗ ತರಗತಿಗೆ ಮಂಗಳೂರು ಕಡೆಯ ಹುಡುಗನೊಬ್ಬ ಸೇರಿದ್ದಾನೆ. ಅವನ ಅಜ್ಜಿ ಮಾತಾಡುವುದು ತುಳು. ಬರೆದುಕೊಂಡು ಬರಲೇ ಬೇಡವೇ ಎಂದು ಕೇಳಿದ. ಕನ್ನಡ ಅಕ್ಷರದಲ್ಲೇ ಬರೆದುಕೊಂಡು ಬಾ ಎಂದಿದ್ದೇನೆ. ಪ್ರಾಂಪ್ಟ್ ಇನ್ನೂ ಬರೆದಿಲ್ಲ.