ಗಂಜಿ ತಿನ್ನುವ ಕೆಲಸಗಾರರು

ಹೂಬತ್ತಿ ಮಾಡಲು ಇಟ್ಟುಕೊಂಡ ಹತ್ತಿಯಲ್ಲಿ ಒಂದು ಚಿಟಿಕೆ ತೆಗೆದು ನೀರಿನ ಲೋಟಕ್ಕೆ ಹಾಕಿ ನೋಡಿ. ಮುಳುಗುವುದಿಲ್ಲ, ಬಿಗುಮಾನದಿಂದ ತೇಲುತ್ತಿರುತ್ತದೆ. ಮೆಡಿಕಲ್ ಶಾಪಿನ ಹತ್ತಿ ಹಾಗಲ್ಲ. ಗಟಗಟನೆ ಕುಡಿದು ತಳ ಸೇರುತ್ತದೆ. ಎರಡೂ ಹತ್ತಿಯೇ. ಆದರೆ ಮೊದಲನೆಯದರ ಎಳೆಗೆ ಗಿಡವೇ ಮೇಣ ಸವರಿ ಕಳಿಸಿದೆ. ಆ ಮೇಣವನ್ನು ಪೆಕ್ಟಿನ್ ಎಂಬ ಅಂಟು ಹಿಡಿದುಕೊಂಡಿದೆ. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದೂ ಈ ಪೆಕ್ಟಿನ್ನಿನಿಂದಲೇ.

ಗಿಡ ಬಳಿದದ್ದು ಸಾಲದೆಂದು ನೇಕಾರರೂ ಒಂದಿಷ್ಟು ಬಳಿಯುತ್ತಾರೆ. ಮಗ್ಗದ ಎಳೆದಾಟಕ್ಕೆ ಹಾಸಿನ ನೂಲು ಹರಿಯಬಾರದಲ್ಲ, ಅದಕ್ಕೆ ಗಂಜಿ. ಹೀಗೆ ಮಗ್ಗದಿಂದಿಳಿದ ಕೋರಾ ಬಟ್ಟೆ ಗಂಜಿ, ಮೇಣ, ಅಂಟುಗಳನ್ನು ಹೊತ್ತೇ ಬರುತ್ತದೆ. ಬಣ್ಣ ಹಾಕಲು ಹೋದರೆ ಅಲ್ಲಿಷ್ಟು ಹಿಡಿದು ಇಲ್ಲಿಷ್ಟು ಬಿಟ್ಟು ಮಾನ ಕಳೆಯುತ್ತದೆ.

ಇದಕ್ಕೆ ನಮ್ಮ ಮಡಿವಾಳರ ಹತ್ತಿರ ಹಳೆಯ ಮದ್ದಿತ್ತು: ಚೌಳು ಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕುವುದು. ಕ್ಷಾರ, ಹಬೆ, ಆಮೇಲೆ ಕಲ್ಲಿನ ಮೇಲೆ ಸೆಣೆತ. ಗಿರಣಿಯವರು ಮಾಡುತ್ತ ಬಂದದ್ದೂ ಇದನ್ನೇ. ಚೌಳಿನ ಜಾಗಕ್ಕೆ ಕಾಸ್ಟಿಕ್ ಸೋಡಾ ಬಂತು, ಮಡಕೆಯ ಜಾಗಕ್ಕೆ ದೊಡ್ಡ ಕಬ್ಬಿಣದ ಕೊಳಗ ಬಂತು. ನೀರು ಕುದಿಯುವಷ್ಟು, ಒಮ್ಮೊಮ್ಮೆ ಅದಕ್ಕೂ ಮೀರಿದ ಶಾಖ. ಕುದಿಸಿದ್ದಾದ ಮೇಲೆ ಕ್ಷಾರ ಮುರಿಯಲು ಆಮ್ಲ, ಅವೆರಡನ್ನೂ ಕಳೆಯಲು ನೀರು, ಮತ್ತೆ ನೀರು. ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ತಿರುಪ್ಪೂರಿನ ನೊಯ್ಯಲ್ ನದಿಯನ್ನು ಕೇಳಬೇಕು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ, ಬಿಳುಪಿನ ಘಟಕಗಳಿಗೆ ಬಾಗಿಲು ಹಾಕಿಸಿತು. ಅಲ್ಲಿ ಹೆಚ್ಚಿನ ಪಾಪ ಬಣ್ಣದ ಉಪ್ಪಿನದು, ನಿಜ. ಕಾಸ್ಟಿಕ್ಕೂ ಸಾಧುವೇನಲ್ಲ.

ಕಿಣ್ವಗಳು ಈ ಕೆಲಸಕ್ಕೆ ಇಳಿದದ್ದು ಗಂಜಿಯ ಕಡೆಯಿಂದ. ಗಂಜಿಯನ್ನು ಆಮ್ಲ ಹಾಕಿಯೂ ತೆಗೆಯಬಹುದು, ಆದರೆ ಕೈ ಸ್ವಲ್ಪ ತಪ್ಪಿದರೆ ಬಟ್ಟೆಯೂ ಹೋಗುತ್ತದೆ. ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನಷ್ಟೇ ಕತ್ತರಿಸುತ್ತದೆ, ಹತ್ತಿಯ ಸೆಲ್ಯುಲೋಸನ್ನು ಮುಟ್ಟುವುದಿಲ್ಲ. ಅನ್ನವನ್ನು ಸಾವಕಾಶವಾಗಿ ಅಗಿದರೆ ಸಿಹಿಯಾಗುತ್ತದಲ್ಲ, ಅದು ನಮ್ಮ ಎಂಜಲಿನಲ್ಲಿರುವ ಅಮೈಲೇಸಿನ ಕೆಲಸ. ಗಿರಣಿಗೆ ಬೇಕಾದದ್ದನ್ನು ಮೊದಲು ಮೊಳಕೆ ಬಾರ್ಲಿ ಕೊಡುತ್ತಿತ್ತು, ಆಮೇಲೆ ಬ್ಯಾಕ್ಟೀರಿಯಾ. ಮಡಿ ಮಾಡಿ ಉಟ್ಟ ಪಂಚೆ ಒಂದು ಕಾಲಕ್ಕೆ ಎಂಜಲಿನ ದಾಯಾದಿಯಲ್ಲಿ ಮಿಂದು ಬಂದಿದೆ ಎಂದು ನಮ್ಮ ಅಜ್ಜಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಗಂಜಿ ಪೂರ್ತಿ ಹೋಯಿತೇ ಎಂದು ತಿಳಿಯಲು ಒಂದು ಹನಿ ಅಯೋಡಿನ್ ಸಾಕು. ಉಳಿದಿದ್ದರೆ ನೀಲಿ ಕಾಣುತ್ತದೆ. ಹೈಸ್ಕೂಲಿನಲ್ಲಿ ಆಲೂಗೆಡ್ಡೆಯ ಮೇಲೆ ಹಾಕಿದ್ದೆವಲ್ಲ, ಅದೇ ಹನಿ.

ಪೆಕ್ಟಿನ್ನಿಗೆ ಪೆಕ್ಟಿನೇಸ್ ಇದೆ. ಕುದಿಸಬೇಕಿಲ್ಲ, ಐವತ್ತು ಅರವತ್ತು ಡಿಗ್ರಿ ಬಿಸಿ ಸಾಕು. ಅಂಟು ಸಡಿಲವಾದರೆ ಮೇಣವನ್ನು ಬಿಸಿನೀರು, ಸೋಪಿನಂಥ ದ್ರಾವಣ ಸೇರಿ ಇಳಿಸುತ್ತವೆ. ಮುಂದೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳುಪು ಮಾಡಿದರೆ, ಬಟ್ಟೆಯಲ್ಲಿ ಉಳಿದ ಪೆರಾಕ್ಸೈಡು ಬಣ್ಣವನ್ನು ಕೆಡಿಸುತ್ತದೆ. ಮತ್ತೆ ಮತ್ತೆ ಜಾಲಿಸುವ ಬದಲು ಕೆಟಲೇಸ್ ಎಂಬ ಕಿಣ್ವ ಹಾಕಿದರೆ ಪೆರಾಕ್ಸೈಡು ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ಬುಸಬುಸನೆ ನೊರೆ ಬರುವುದೂ ನಮ್ಮೊಳಗಿನ ಕೆಟಲೇಸಿನಿಂದ. ನನ್ನ ಕೇಳಿದರೆ ಇಡೀ ಕಥೆಯಲ್ಲಿ ಸದ್ದಿಲ್ಲದೆ ಅತಿ ಹೆಚ್ಚು ನೀರು ಉಳಿಸುವವನು ಇವನೇ.

ಹಾಗಾದರೆ ಎಲ್ಲರೂ ಕಾಸ್ಟಿಕ್ಕಿಗೆ ವಿದಾಯ ಹೇಳಬಾರದೇಕೆ? ಕಿಣ್ವಗಳು ಮದುವೆಗೆ ಬಂದ ಬೀಗರ ಹಾಗೆ. ಸ್ವಲ್ಪ ಬಿಸಿ ಹೆಚ್ಚಾದರೆ ಮುನಿಸು, ಕಡಿಮೆಯಾದರೆ ಆಲಸ್ಯ, ಹುಳಿ-ಕ್ಷಾರದ ಹದ ತಪ್ಪಿದರೆ ಎದ್ದೇ ಹೋಗುತ್ತಾರೆ. ಜೊತೆಗೆ ಹತ್ತಿಬೀಜದ ಸಿಪ್ಪೆಯ ಕಂದು ಚೂರುಗಳು ಬಟ್ಟೆಯಲ್ಲಿ ಸಿಕ್ಕಿಕೊಂಡಿರುತ್ತವೆ, ಪೆಕ್ಟಿನೇಸ್ ಅವುಗಳ ತಂಟೆಗೇ ಹೋಗುವುದಿಲ್ಲ. ಗಾಢ ಬಣ್ಣದ ಬಟ್ಟೆಯಾದರೆ ಅವು ಅಡಗುತ್ತವೆ. ಹಾಲುಬಿಳುಪಿನ ಅಂಗಿಯೇ ಬೇಕೆಂದರೆ ಪೆರಾಕ್ಸೈಡು ಬೇಕೇಬೇಕು. ನಮ್ಮ ರಾಜಕಾರಣಿಗಳು ಒಂಚೂರು ಕೆನೆಬಣ್ಣಕ್ಕೆ ಒಪ್ಪಿಕೊಂಡರೂ ನದಿಗಳಿಗೆ ಉಪಕಾರವಾದೀತು.

ಮನೆಯ ಒಗೆತಕ್ಕೂ ಕಿಣ್ವ ಬಂದು ನೂರು ವರ್ಷ ದಾಟಿತು. ಜರ್ಮನಿಯ ಓಟ್ಟೊ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕದ ರಸವನ್ನು ಬಟ್ಟೆ ತೊಳೆಯಲು ಬಳಸುವ ಪೇಟೆಂಟ್ ಪಡೆದಿದ್ದ. ಇವತ್ತಿನ ಪುಡಿಗಳಲ್ಲಿರುವ ಪ್ರೋಟಿಯೇಸ್ ರಕ್ತ, ಹಾಲು, ಬೆವರಿನಂಥ ಪ್ರೋಟೀನಿನ ಕಲೆಗಳನ್ನು ಬಿಡಿಸುತ್ತದೆ. ಅದರ ಮೇಲೆ ಕುದಿನೀರು ಸುರಿದರೆ ಕೊಟ್ಟ ದುಡ್ಡು ವ್ಯರ್ಥ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಲು ಬಿಡಬೇಕು. ಹತ್ತಿಗೆ ಅದರಿಂದ ಭಯವಿಲ್ಲ. ರೇಷ್ಮೆ ಮಾತ್ರ ಸ್ವತಃ ಪ್ರೋಟೀನು, ಕಲೆಯ ಜೊತೆ ಸೀರೆಯೂ ಸವೆಯುತ್ತದೆ. ಹಾಗಾಗಿ ನಮ್ಮ ಮನೆಯ ಧಾರೆ ಸೀರೆಗೆ ಇವತ್ತಿಗೂ ಅಂಟುವಾಳವೇ.